ರೌದ್ರದಲ್ಲಿ ಕರುಣ: ಚಿತ್ರಕಾರ ಕೆಲ್ಲಿ ಫ್ರೀಸ್

ಕಥೆಗೆ ಚಿತ್ರ ಬರೆಯುವವನನ್ನು ಕಲಾವಿಮರ್ಶೆಯು ಬಹುಕಾಲದಿಂದ ಪಂಕ್ತಿಯ ಹೊರಗೇ ಕೂರಿಸಿದೆ. ಅವನ ಕಲ್ಪನೆ ಪರಾಧೀನವಾದುದು, ತಿಂಗಳು ಕಳೆದೊಡನೆ ಅವನ ಕೃತಿ ರದ್ದಿಯ ಪಾಲು ಎಂಬುದು ಇದಕ್ಕೆ ಕೊಡುವ ಕಾರಣ. ಈ ಮಾತು ಎಷ್ಟರಮಟ್ಟಿಗೆ ನಿಂತೀತೆಂಬುದನ್ನು ಪರೀಕ್ಷಿಸಲು ಅಮೆರಿಕದ ಫ್ರಾಂಕ್ ಕೆಲ್ಲಿ ಫ್ರೀಸ್‌ನ (1922–2005) ಕೃತಿಗಳು ತಕ್ಕ ನಿಕಷವಾಗಿವೆ.

ನ್ಯೂಯಾರ್ಕ್ ಸಂಸ್ಥಾನದ ಹಾರ್ನೆಲ್‌ನಲ್ಲಿ ಹುಟ್ಟಿದ ಫ್ರೀಸ್, ಎರಡನೆಯ ಮಹಾಯುದ್ಧದಲ್ಲಿ ವಾಯುದಳದ ಸೇವೆ ಸಲ್ಲಿಸಿ, ಪಿಟ್ಸ್‌ಬರ್ಗಿನ ಕಲಾಶಾಲೆಯಲ್ಲಿ ಅಭ್ಯಾಸ ಮಾಡಿದನು. 1950ರ ನವೆಂಬರಿನ ‘ವಿಯರ್ಡ್ ಟೇಲ್ಸ್’ ಪತ್ರಿಕೆಯ ಮುಖಪುಟದಿಂದ ಈತನ ವೃತ್ತಿ ಆರಂಭವಾಯಿತು. ಬಳಿಕ ಜಾನ್ ಕ್ಯಾಂಪ್‌ಬೆಲ್ ಸಂಪಾದಿಸುತ್ತಿದ್ದ ‘ಅಸ್ಟೌಂಡಿಂಗ್’ ಎಂಬ ವೈಜ್ಞಾನಿಕ ಕಥೆಗಳ ಮಾಸಪತ್ರಿಕೆ ಈತನ ಮುಖ್ಯ ಕ್ಷೇತ್ರವಾಯಿತು. 1950ರ ದಶಕದ ಕೊನೆಯಿಂದ 1962ರ ವರೆಗೆ ‘ಮ್ಯಾಡ್’ ಹಾಸ್ಯಪತ್ರಿಕೆಯ ಮುಖಪುಟಗಳಲ್ಲಿ ಹಲ್ಲು ಬಿದ್ದ ಹುಡುಗ ಆಲ್‌ಫ್ರೆಡ್ ನ್ಯೂಮನ್ನನ ನಗೆಯನ್ನು ಬಗೆಬಗೆಯಾಗಿ ಬರೆದವನೂ ಈತನೇ. 1955ರಿಂದ 1976ರ ಅವಧಿಯಲ್ಲಿ ಹತ್ತು ಬಾರಿ ಹ್ಯೂಗೋ ಪ್ರಶಸ್ತಿ ಈತನಿಗೆ ಸಂದಿತು.

ಹಾಸ್ಯ, ಅದ್ಭುತ ಎರಡೂ ಈತನಲ್ಲಿ ಒಂದೇ ಮೂಲದವು. ಫ್ರೆಡ್ರಿಕ್ ಬ್ರೌನ್‌ನ ‘ಮಾರ್ಷಿಯನ್ಸ್, ಗೋ ಹೋಂ’ ಕಥೆಗಾಗಿ 1954ರಲ್ಲಿ ಬರೆದ ಮುಖಪುಟದಲ್ಲಿ ಹಸಿರು ಬಣ್ಣದ ಮಂಗಳಗ್ರಹವಾಸಿಯೊಬ್ಬ ಬೀಗದ ಕಿಂಡಿಯಲ್ಲಿ ಇಣುಕುತ್ತಾನೆ. ಅನ್ಯಲೋಕದ ಜೀವಿಗೆ ನೆರೆಮನೆಯ ಚಾಡಿಕೋರನ ಮುಖ! ಅಪರಿಚಿತವಾದುದಕ್ಕೆ ಪರಿಚಿತ ಭಾವವನ್ನು ಕೊಡುವುದೇ ಫ್ರೀಸ್‌ನ ಕಲೆಯ ಗುಟ್ಟು.

ಇದೇ ಗುಟ್ಟು 1953ರ ಅಕ್ಟೋಬರ್ ಸಂಚಿಕೆಯಲ್ಲಿ ಬೇರೊಂದು ಫಲವನ್ನು ಕೊಟ್ಟಿದೆ. ಟಾಮ್ ಗಾಡ್‌ವಿನ್‌ನ ಕಥೆಗೆ ಬರೆದ ಆ ಚಿತ್ರದಲ್ಲಿ ದೈತ್ಯಾಕಾರದ ಯಂತ್ರಮಾನವನ ಅಂಗೈಯಲ್ಲಿ ರಕ್ತ ಸುರಿಯುವ ಮನುಷ್ಯನ ದೇಹವಿದೆ. ಆದರೆ ಯಂತ್ರದ ಮುಖದಲ್ಲಿರುವುದು ಕ್ರೌರ್ಯವಲ್ಲ. ಆಟಿಕೆ ಮುರಿದುಹೋಯಿತೆಂದು ದಿಕ್ಕುಗೆಟ್ಟ ಮಗುವಿನ ನೋಟ. ರೌದ್ರದಿಂದ ಕರುಣವು ಹುಟ್ಟುವುದೆಂದು ಭರತನು ಹೇಳಿದ್ದಾನೆ. ಆ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮ್ಮ ಕಾಲದ ಚಿತ್ರಗಳಲ್ಲಿ ವಿರಳ.

1977ರಲ್ಲಿ ‘ಕ್ವೀನ್’ ಎಂಬ ಬ್ರಿಟಿಷ್ ಗಾಯನವೃಂದವು ತನ್ನ ‘ನ್ಯೂಸ್ ಆಫ್ ದಿ ವರ್ಲ್ಡ್’ ಧ್ವನಿಮುದ್ರಿಕೆಗಾಗಿ ಇದೇ ಚಿತ್ರವನ್ನು ಫ್ರೀಸ್‌ನಿಂದಲೇ ಹೊಸದಾಗಿ ಬರೆಸಿತು. ಒಬ್ಬನ ಸ್ಥಾನಕ್ಕೆ ವೃಂದದ ನಾಲ್ವರು ಬಂದರು. ಹಳೆಯ ಚಿತ್ರದ ಏಕಾಂತ ದುಃಖ ಇಲ್ಲಿ ತುಸು ಪ್ರದರ್ಶನವಾಗಿದೆಯೆಂಬುದು ನಿಜ. ಆದರೂ ಮೂಲಕಥೆಯನ್ನು ಓದದ ಅಸಂಖ್ಯ ಜನರು ಆ ಯಂತ್ರದ ಮುಖವನ್ನು ಬಲ್ಲರು. ಕಥೆಯನ್ನು ಆಶ್ರಯಿಸಿ ಹುಟ್ಟಿದ ಚಿತ್ರ ಅದರ ಹಂಗು ಹರಿದುಕೊಂಡು ಬಾಳಿತು.

ಹಾಗೆಂದು ಫ್ರೀಸ್‌ನದೆಲ್ಲವೂ ಸಮಾನ ಸತ್ವದ್ದೆಂದು ಹೇಳುವಂತಿಲ್ಲ. 1975ರಿಂದ 1977ರ ವರೆಗೆ ಹೊರಬಂದ ‘ಲೇಸರ್ ಬುಕ್ಸ್’ ಮಾಲೆಯಲ್ಲಿ ಪ್ರತಿಯೊಂದು ಮುಖಪುಟಕ್ಕೂ ಒಂದೇ ಅಚ್ಚು. ಮೂಲೆಯಲ್ಲೊಂದು ಮುಖ, ಹಿಂದೆ ಒಂದು ದೃಶ್ಯ. ಅಲ್ಲಿ ಕೈಚಳಕವಿದೆ, ಅಚ್ಚರಿಯಿಲ್ಲ. ಕಥೆಗೆ ಅಧೀನವಾದಾಗ ಅರಳಿದ ಪ್ರತಿಭೆ ವ್ಯಾಪಾರದ ಅಚ್ಚಿಗೆ ಅಧೀನವಾದಾಗ ಬಾಡಿತು. ಆದುದರಿಂದ ಪರಾಧೀನತೆಯೇ ದೋಷವಲ್ಲ. ಯಾವುದಕ್ಕೆ ಅಧೀನ ಎಂಬುದೇ ಪ್ರಶ್ನೆ.

ಪತ್ರಿಕೆಗಳ ಸಂಪುಟ ಕಟ್ಟಿಸುವಾಗ ಮುಖಪುಟಗಳನ್ನು ಕಿತ್ತುಹಾಕುವ ಪದ್ಧತಿ ಅನೇಕ ಗ್ರಂಥಾಲಯಗಳಲ್ಲಿ ಉಂಟು. ಹೀಗೆ ಕಳೆದುಹೋಗುವುದು ಬರಿಯ ಹೊದಿಕೆಯಲ್ಲ, ಒಂದು ಕಾಲದ ಭಯ ಹಾಗೂ ನಗೆಯ ದಾಖಲೆ ಎಂಬುದನ್ನು ಫ್ರೀಸ್‌ನ ಯಂತ್ರಮಾನವ ನಮಗೆ ಮನಗಾಣಿಸುತ್ತಾನೆ.