ಚೀಟಿ ಹೇಳುವ ಉಸಿರು

ವಿಪತ್ತಿಗೆ ನರ್ಸಿಂಗ್ ವಿದ್ಯಾರ್ಥಿಗಳನ್ನು ಅಣಿಗೊಳಿಸುವ ಸಿಮ್ಯುಲೇಷನ್‌ನಲ್ಲಿ ಸಾಮಾನ್ಯವಾಗಿ ಕಾಣುವುದು ಗಾಯಾಳುಗಳನ್ನು ತುರ್ತಿಗೆ ತಕ್ಕಂತೆ ವಿಂಗಡಿಸುವ ಸ್ಟಾರ್ಟ್ ಟ್ರಯಾಜ್‌ನ ಅಣಕು ಕಾರ್ಯಾಚರಣೆ. 1983ರಲ್ಲಿ ಕ್ಯಾಲಿಫೋರ್ನಿಯಾದ ಹೋಗ್ ಆಸ್ಪತ್ರೆ ಮತ್ತು ನ್ಯೂಪೋರ್ಟ್ ಬೀಚ್ ಅಗ್ನಿಶಾಮಕ ದಳ ಸೇರಿ ರೂಪಿಸಿದ ಈ ಪದ್ಧತಿಯಲ್ಲಿ ಹಸಿರು ಟ್ಯಾಗ್ ನಡೆದಾಡಬಲ್ಲವರಿಗೆ, ಹಳದಿ ಸ್ವಲ್ಪ ಕಾಯಬಲ್ಲವರಿಗೆ, ಕೆಂಪು ತಕ್ಷಣ ಚಿಕಿತ್ಸೆ ಬೇಕಾದವರಿಗೆ, ಕಪ್ಪು ಸತ್ತವರಿಗೆ ಅಥವಾ ಉಳಿಯುವ ಭರವಸೆ ಇಲ್ಲದವರಿಗೆ. ಮೈದಾನದಲ್ಲಿ ಕೆಲವರು ಕೆಂಪು ಬಣ್ಣ ಬಳಿದುಕೊಂಡು ಗಾಯಾಳುಗಳಾಗಿ ಮಲಗುತ್ತಾರೆ, ಉಳಿದವರು ಟ್ಯಾಗ್ ಕಟ್ಟುತ್ತಾ ಓಡಾಡುತ್ತಾರೆ, ಕೊನೆಗೆ ಆತ್ಮವಿಶ್ವಾಸ ಎಷ್ಟು ಹೆಚ್ಚಿತೆಂಬ ಪ್ರಶ್ನಾವಳಿ ತುಂಬುತ್ತಾರೆ. ಅಂಕ ಏರಿರುತ್ತದೆ, ಏರದಿದ್ದರೇ ಆಶ್ಚರ್ಯ. ಈ ಅಭ್ಯಾಸದ ಹೆಸರಿನ ದೊಡ್ಡ ಪಾಲು ನಿಂತಿರುವುದು ಇಂಥ ಅಂಕಗಳ ಮೇಲೆ. ಅಷ್ಟು ಹೆಸರಿಗೆ ಅದು ಅರ್ಹವಲ್ಲ.

ದೋಷ ಗಾಯಾಳುವಿನ ಕೊರಳಿನ ಚೀಟಿಯಲ್ಲಿದೆ. ‘ಉಸಿರಾಟ ನಿಮಿಷಕ್ಕೆ 34, ಮಣಿಕಟ್ಟಿನ ನಾಡಿ ಇದೆ, ಹೇಳಿದ್ದು ಅರ್ಥವಾಗುತ್ತದೆ’ ಎಂದು ಅದರಲ್ಲಿ ಬರೆದಿರುತ್ತದೆ. ಮಲಗಿದವನ ಎದೆ ಮಾತ್ರ ಆರಾಮಾಗಿ ಏರಿಳಿಯುತ್ತಿರುತ್ತದೆ. ವಿದ್ಯಾರ್ಥಿನಿ ಚೀಟಿ ಓದಿ ಕೆಂಪು ಟ್ಯಾಗ್ ಕಟ್ಟುತ್ತಾಳೆ, ಉತ್ತರ ಸರಿಯಾಗುತ್ತದೆ. ಆದರೆ ಸ್ಟಾರ್ಟ್‌ನ ಕಷ್ಟವಿರುವುದು 34 ಎಂಬುದು ಕೆಂಪಿನ ಗಡಿಯಾದ 30ಕ್ಕಿಂತ ಹೆಚ್ಚು ಎಂದು ತಿಳಿಯುವುದರಲ್ಲಲ್ಲ, ಆ 34ನ್ನು ಎಣಿಸುವುದರಲ್ಲಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ, ಏಳು ಉಸಿರಿಗೆ 28, ಎಂಟಕ್ಕೆ 32. ಉಳಿದೆರಡು ಪರೀಕ್ಷೆಗಳೂ ಸರಿಯಿದ್ದರೆ ಮೊದಲನೆಯದು ಹಳದಿ. ಎರಡನೆಯದು ಅಲ್ಲಿಗೇ ಕೆಂಪು. ನಡುವೆ ಇರುವುದು ಒಂದೇ ಉಸಿರು. ಧೂಳು, ಕತ್ತಲೆ, ಕಿರುಚಾಟಗಳ ನಡುವೆ, ಸೆರಗು ಹೊದ್ದು ಮುದುಡಿ ಮಲಗಿದವಳ ಎದೆಯ ಮೇಲೆ ಆ ಒಂದು ಉಸಿರನ್ನು ತಪ್ಪದೆ ಹಿಡಿಯಬೇಕು. ಚೀಟಿ ಈ ಕೆಲಸವನ್ನೇ ವಿದ್ಯಾರ್ಥಿನಿಯ ಕೈಯಿಂದ ಕಿತ್ತುಕೊಳ್ಳುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಕಣ್ಣಿಗೆ ಕಾಣುವ ಎದೆಯನ್ನು ಬಿಟ್ಟು ಕಾಗದವನ್ನು ನಂಬುವ ರೂಢಿ ಹಚ್ಚುತ್ತದೆ.

ಇದಕ್ಕೆ ದುಬಾರಿ ಮ್ಯಾನಿಕಿನ್‌ಗಳೇ ಮದ್ದು ಎನ್ನುವ ವಿಮರ್ಶಕರಿದ್ದಾರೆ. ಅವುಗಳ ಎದೆ ಏರಿಳಿಯುತ್ತದೆ, ನಾಡಿ ಬಡಿಯುತ್ತದೆ, ನಿಜ. ಆದರೆ ಒಂದರ ಸುತ್ತ ಐದಾರು ವಿದ್ಯಾರ್ಥಿಗಳು ನಿಲ್ಲುತ್ತಾರೆ. ವಿಪತ್ತಿನಲ್ಲಿ ಲೆಕ್ಕ ತಿರುವುಮುರುವು. ಇನ್ನೊಂದು ಬಣ ಅಮೆರಿಕದ ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಒಕ್ಕೂಟ 2014ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಮುಂದಿಡುತ್ತದೆ. ಕ್ಲಿನಿಕಲ್ ತರಬೇತಿಯ ಅರ್ಧದಷ್ಟು ಅವಧಿಯನ್ನು ಸಿಮ್ಯುಲೇಷನ್‌ಗೆ ಬಿಟ್ಟರೂ ಫಲಿತಾಂಶ ಕುಗ್ಗಲಿಲ್ಲ ಎಂದು ಅದು ಹೇಳಿದ್ದು ಹೌದು. ಆದರೆ ಅದು ತೂಗಿದ್ದು ವಾರ್ಡಿನ ದೈನಂದಿನ ಶುಶ್ರೂಷೆಯ ಕಲಿಕೆಯನ್ನು, ಅದೂ ತರಬೇತಿ ಪಡೆದ ಬೋಧಕರು ಮತ್ತು ಕ್ರಮಬದ್ಧ ಡಿಬ್ರೀಫಿಂಗ್ ಇದ್ದ ಕಡೆ. ಅದನ್ನು ಮೈದಾನದ ಚೀಟಿಯಾಟಕ್ಕೆ ಪ್ರಮಾಣಪತ್ರವಾಗಿ ತೋರಿಸುವುದು ಸೋಮಾರಿ ಓದು.

ಅಣಕು ಕಾರ್ಯಾಚರಣೆಗೆ ಗುಣವೇ ಇಲ್ಲವೆಂದಲ್ಲ. ಮೊದಲು ಸಿಕ್ಕ ಗಾಯಾಳುವಿನ ಬಳಿಯೇ ಕೂತುಬಿಡುವ ಸಹಜ ಒಲವನ್ನು ಅದು ಮುರಿಯುತ್ತದೆ. ಚೀಟಿ ತೆಗೆದುಹಾಕಿ, ನಟಿಸುವವರ ಕಿವಿಗೆ ಇಯರ್‌ಫೋನಿನಲ್ಲಿ ತಾಳ ಕೊಟ್ಟು ಆ ವೇಗಕ್ಕೆ ಉಸಿರಾಡಿಸಿದರೆ ಎಣಿಕೆಯೂ ಅಭ್ಯಾಸವಾದೀತು, ಖರ್ಚೇನೂ ಹೆಚ್ಚಲ್ಲ. ತಲೆಸುತ್ತು ಬಾರದಂತೆ ನಟರನ್ನು ಆಗಾಗ ಬದಲಿಸಬೇಕಾಗುತ್ತದೆ, ಅಷ್ಟೆ. ಸನ್ನಿವೇಶವನ್ನೂ ಬದಲಿಸಬೇಕು. ಗಾಯಾಳುಗಳು ಹೊರಗಿನಿಂದ ಬರುತ್ತಾರೆ, ಆಸ್ಪತ್ರೆ ಗಟ್ಟಿಯಾಗಿ ನಿಂತಿರುತ್ತದೆ ಎಂಬ ಊಹೆ ಇಂಥ ಬಹಳಷ್ಟು ಕಥಾವಸ್ತುಗಳಲ್ಲಿದೆ. 2001ರ ಜನವರಿ 26ರ ಭೂಕಂಪದಲ್ಲಿ ಭುಜ್‌ನ ಸರ್ಕಾರಿ ಆಸ್ಪತ್ರೆಯೇ ಕುಸಿದಿತ್ತು. ಬದುಕುಳಿದವರಿಗೆ ಬಯಲಿನಲ್ಲಿ ಚಿಕಿತ್ಸೆ ಕೊಡಬೇಕಾಯಿತು.