ಬ್ಯಾಂಡ್ ಸೆಟ್ಟಿಗೆ ಒಂದು ನೋಟು

ಆಗಸ್ಟ್ 15ರ ಬೆಳಿಗ್ಗೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಎಲ್ಲೇ ಆಗಲಿ, ಮೈದಾನದ ಬಿಸಿ ಏರಿಸುವುದು ಶಾಲೆಯ ಬ್ಯಾಂಡ್ ಸೆಟ್. ಹೊಟ್ಟೆಗೆ ಕಟ್ಟಿದ ದೊಡ್ಡ ಡ್ರಮ್, ಸೈಡ್ ಡ್ರಮ್, ತಾಳ, ಬ್ಯೂಗಲ್. ಕೆಲವು ಕಡೆ ನಾಲ್ಕಾರು ಕೊಳಲು. ಪಥಸಂಚಲನ ಮುಗಿದು ಸಾಂಸ್ಕೃತಿಕ ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ವಾದ್ಯಗಳು ಗೋಡೆಗೆ ಒರಗಿರುತ್ತವೆ. ಸ್ಪೀಕರಿನ ಹಾಡಿಗೆ ಉಳಿದ ಮಕ್ಕಳು ಕುಣಿಯುತ್ತಾರೆ.

ನಡೆಯುತ್ತ ನುಡಿಸಲು ಬ್ಯಾಂಡಿನ ಮಕ್ಕಳಿಗೆ ಪಾಠವಿದೆ. ಕೂತು ನುಡಿಸಲು, ಕೇಳುವವರು ಕಿವಿಗೊಟ್ಟು ಕೇಳಲು, ಒಂದು ಕೃತಿ ಬೇಡವೇ?

ಅಂಥದ್ದು ಕರ್ನಾಟಕ ಸಂಗೀತದಲ್ಲೇ ಇದೆ. ಮುತ್ತುಸ್ವಾಮಿ ದೀಕ್ಷಿತರು (1775–1835) ಮದರಾಸಿನ ಕಡೆ ಇಂಗ್ಲಿಷರ ಬ್ಯಾಂಡು ಕೇಳಿ, ಆ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿದರು. ಇವೇ ನೊಟ್ಟುಸ್ವರಗಳು; ಮೂವತ್ತಕ್ಕೂ ಹೆಚ್ಚು ಉಳಿದಿವೆ. ‘ಸಂತತಂ ಪಾಹಿಮಾಂ’ ಬ್ರಿಟಿಷರ ರಾಷ್ಟ್ರಗೀತೆಯ ಧಾಟಿಯಲ್ಲೇ ಇದೆ. ಬ್ಯಾಂಡಿನಿಂದ ಹುಟ್ಟಿದ್ದನ್ನು ಬ್ಯಾಂಡಿಗೆ ಮರಳಿಸುವುದು ಕಷ್ಟವೇನಲ್ಲ. ಎಲ್ಲವೂ ಶಂಕರಾಭರಣದ ಸ್ವರಗಳು, ಗಮಕವಿಲ್ಲದ ನೇರ ನಡೆ. ಊದಲು ಈಗಷ್ಟೇ ಕಲಿತ ಹುಡುಗಿಗೆ ಇದಕ್ಕಿಂತ ಅನುಕೂಲ ಇನ್ನೇನು?

ಮೊದಲಿಗೆ ‘ಶಕ್ತಿಸಹಿತ ಗಣಪತಿಂ’ ಹಿಡಿಯಬಹುದು. ಚಿಕ್ಕದು, ಸಂಗೀತ ಪಾಠದ ಮಕ್ಕಳಿಗೆ ಬಾಯಿಪಾಠವಾದದ್ದು. ‘ಲೆಫ್ಟ್ ರೈಟ್’ಗೆ ಪಳಗಿದ ಕೈಗಳಿಗೆ ಅದರ ತಿಶ್ರದ, ಅಂದರೆ ಮೂರೆಣಿಕೆಯ, ತೂಗಾಟ ಹೊಸ ರುಚಿ. ಆದರೆ ಇಲ್ಲೊಂದು ತೊಡಕು. ಬ್ಯೂಗಲ್ಲಿಗೆ ಒತ್ತುಗುಂಡಿಗಳಿಲ್ಲ, ತುಟಿಯ ಬಿಗಿಯಿಂದ ಹೊರಡುವುದು ಸ, ಗ, ಪ ಇಷ್ಟೇ. ಧಾಟಿ ಪೂರ್ತಿ ನುಡಿಸು ಎಂದರೆ ಮಗು ಸೋಲುತ್ತದೆ. ಆದ್ದರಿಂದ ಧಾಟಿ ಕೊಳಲಿಗೆ. ಸಾಲು ಮುಗಿದಲ್ಲಿ ಸ-ಪ ಎಂದು ಉತ್ತರ ಕೊಡುವ ಕೆಲಸ ಬ್ಯೂಗಲ್ಲಿಗೆ. ಕೊಳಲು ಕೊಳ್ಳುವಾಗಲೇ ಬ್ಯೂಗಲ್ಲಿನ ಷಡ್ಜಕ್ಕೆ ಕೂಡುವ ಶ್ರುತಿಯದನ್ನು ಆರಿಸಬೇಕು. ಇಲ್ಲವಾದರೆ ಎಷ್ಟು ಅಭ್ಯಾಸ ಮಾಡಿದರೂ ಅಪಶ್ರುತಿ ಹೋಗದು.

ಇನ್ನು ಡ್ರಮ್. ಹುರುಪು ಎಂದರೆ ಸದ್ದು ಎಂಬ ತಪ್ಪು ತಿಳಿವಳಿಕೆ ಹೆಚ್ಚು ಬ್ಯಾಂಡುಗಳನ್ನು ಕೆಡಿಸಿರುವುದು ಇಲ್ಲೇ. ಮೊದಲ ಆವರ್ತ ಕೊಳಲು ಮಾತ್ರ. ಎರಡನೆಯದರಲ್ಲಿ ಸೈಡ್ ಡ್ರಮ್ಮಿನ ಅಂಚಿಗೆ ಕಡ್ಡಿಯ ಟಿಕ್-ಟಿಕ್. ಮೂರನೆಯದಕ್ಕೆ ದೊಡ್ಡ ಡ್ರಮ್ಮು ಪ್ರತಿ ಮೂರರ ಮೊದಲ ಪೆಟ್ಟಿಗೆ ಕೂಡಿಕೊಂಡಾಗ ಸಭೆ ತಾನಾಗಿ ನೆಟ್ಟಗೆ ಕೂರುತ್ತದೆ. ವೇಗ ಒಂದಿಷ್ಟೂ ಏರಿಸಬೇಕಿಲ್ಲ. ಅಮೆರಿಕದ ಶಾಲೆಗಳಲ್ಲಿ ಹೊಸ ಬ್ಯಾಂಡಿಗಾಗಿ ಬರೆಯುವ ಕೃತಿಗಳದ್ದೂ ಇದೇ ಹದ: ಐದಾರು ಸ್ವರ, ತುಸು ಬಿಡುವು, ತಾಳವಾದ್ಯದ ಮಕ್ಕಳಿಗೆ ಬೇಸರವಾಗದ ಕೆಲಸ.

ಇದು ಕೈವಶವಾದ ಮೇಲೆ ಮುಂದಿನ ಮೆಟ್ಟಿಲು ಹರಿಕೇಶನಲ್ಲೂರು ಮುತ್ತಯ್ಯ ಭಾಗವತರ (1877–1945) ‘ಇಂಗ್ಲಿಷ್ ನೋಟು’. ಚಾಮುಂಡೇಶ್ವರಿಯ ಮೇಲಿನ 108 ಕನ್ನಡ ಕೃತಿಗಳನ್ನು ರಾಗಕ್ಕೆ ಕೂಡಿಸಿದ ಭಾಗವತರು ಮೈಸೂರಿನ ಆಸ್ಥಾನ ವಿದ್ವಾಂಸರು. ಅವರ ಈ ನೋಟನ್ನು ಕಛೇರಿಗಳಲ್ಲಿ ಜನಪ್ರಿಯಗೊಳಿಸಿದವರು ಶಿಷ್ಯ ಮಧುರೈ ಮಣಿ ಅಯ್ಯರ್. ಭಾಗವತರಿಗೆ ಆಶ್ರಯವಿತ್ತ ನಾಲ್ವಡಿ ಕೃಷ್ಣರಾಜ ಒಡೆಯರ್ ಸ್ವತಃ ಪಾಶ್ಚಾತ್ಯ ವಾದ್ಯಗಳನ್ನೂ ನುಡಿಸಬಲ್ಲವರು. ಅರಮನೆಯಲ್ಲಿ ಕರ್ನಾಟಕ ವಾದ್ಯವೃಂದದ ಜೊತೆಗೇ ಇಂಗ್ಲಿಷ್ ಬ್ಯಾಂಡೂ ಇತ್ತು. ಕೃಷ್ಣರಾಜನಗರಕ್ಕೆ ಅವರದೇ ಹೆಸರು. ಆ ಊರಿನ ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಈ ನೋಟು ಮೊಳಗಿದರೆ ಎಷ್ಟು ಚೆನ್ನ!

ದಸರೆಯಲ್ಲಿ ಅರಮನೆಯ ಮುಂದೆ ಪೊಲೀಸ್ ಬ್ಯಾಂಡುಗಳ ಸಮೂಹ ವಾದನ ನಡೆಯುತ್ತದೆ. ಎಚ್.ಡಿ.ಕೋಟೆಯ ಮಕ್ಕಳನ್ನು ಆ ಸಂಜೆ ಅಲ್ಲಿಗೆ ಕರೆದೊಯ್ದು, ಟ್ರಂಪೆಟ್ ವಾದಕರ ಬೆರಳು ಕಾಣುವಷ್ಟು ಹತ್ತಿರ ಕೂರಿಸಬೇಕು. ತಮ್ಮ ಬ್ಯೂಗಲ್ಲಿನಲ್ಲಿ ಸಿಗದ ರಿ, ಮ, ಧ, ನಿ ಎಲ್ಲಿಂದ ಬರುತ್ತವೆಂದು ಮೂರು ಒತ್ತುಗುಂಡಿಗಳನ್ನು ನೋಡಿದ ಕೂಡಲೇ ಅವರಿಗೆ ತಿಳಿಯುತ್ತದೆ.