ಬ್ರೇಡ್‌ವುಡ್ ಪಳಗಿಸಿದ ಪಡೆ

ಬೆಂಕಿ ನಂದಿಸುವವರನ್ನು ತರಬೇತಿಯಿಂದ ರೂಪಿಸಿದ ಮೊದಲಿಗರಲ್ಲಿ ಜೇಮ್ಸ್ ಬ್ರೇಡ್‌ವುಡ್ ಪ್ರಮುಖ. 1824ರಲ್ಲಿ ಎಡಿನ್‌ಬರೋ ನಗರದ ಪಡೆಗೆ ಮುಖ್ಯಸ್ಥನಾದ ಆತ ಛಾವಣಿ ಹೊದಿಸುವವರು, ಬಡಗಿಗಳು, ಗಾರೆಯವರನ್ನೇ ಆರಿಸಿಕೊಂಡ. ಜಾಣ ಆಯ್ಕೆ: ಯಾವ ತೊಲೆ ಮುರಿದೀತು, ಯಾವ ಗೋಡೆ ತಾಳೀತು ಎಂಬುದನ್ನು ಅವರಿಗೆ ಹೇಳಿಕೊಡಬೇಕಿರಲಿಲ್ಲ. ಕವಾಯತು ನಡೆಯುತ್ತಿದ್ದುದು ನಸುಕಿನಲ್ಲಿ. ಕತ್ತಲಲ್ಲಿ ಕೊಳವೆ ಜೋಡಿಸಿ ರೂಢಿಯಾದವನ ಕೈ ಹೊಗೆಯಲ್ಲೂ ತಡವರಿಸದು. ಬೀದಿಯಲ್ಲಿ ನಿಂತು ನೀರೆರಚದೆ, ಒಳಹೊಕ್ಕು ಬೆಂಕಿಯ ಬುಡಕ್ಕೇ ಹಾಯಿಸಬೇಕು, ಆದರೆ ಒಬ್ಬಂಟಿಯಾಗಿ ಹೋಗಬಾರದು ಎಂಬುದು ಅವನ ಪಾಠ. 1830ರಲ್ಲಿ ಅದು ಪುಸ್ತಕವೂ ಆಯಿತು. 1833ರಿಂದ ಲಂಡನ್ನಿನ ಪಡೆಯ ಮುಖ್ಯಸ್ಥನಾಗಿ ಅವನು ನೆಚ್ಚಿದ್ದು ನಾವಿಕರನ್ನು. ಹೊತ್ತುಗೊತ್ತಿಲ್ಲದ ದುಡಿಮೆ, ಆಜ್ಞಾಪಾಲನೆ ಎರಡೂ ಅವರಿಗೆ ಹೊಸದಲ್ಲ. 1861ರ ಟೂಲಿ ಸ್ಟ್ರೀಟ್ ಬೆಂಕಿಯಲ್ಲಿ ದಣಿದ ತನ್ನವರನ್ನು ವಿಚಾರಿಸಿಕೊಳ್ಳುತ್ತಿದ್ದಾಗಲೇ ಗೋಡೆ ಕುಸಿದು ಅವನು ಸತ್ತ. ಉತ್ತರಾಧಿಕಾರಿ ಐರ್ ಮ್ಯಾಸಿ ಶಾ ಕೂಡ ನಾವಿಕರನ್ನೇ ಸೇರಿಸಿಕೊಳ್ಳುತ್ತ ಹೋದ.